ಮಾದಪ್ಪನ ಕಥೆ ಪೂರ್ತಿ ಓಡುವ ಪ್ಲೇಯರ್

2005ರ ಆಸುಪಾಸಿನಲ್ಲಿ ಕೊಳ್ಳೇಗಾಲದ ಅಂಗಡಿಗಳಿಗೆ ಡಿವಿಡಿ ಪ್ಲೇಯರ್ ಕೊಳ್ಳಲು ಬರುತ್ತಿದ್ದವರಲ್ಲಿ ಚಿತ್ರ ಎಷ್ಟು ಸ್ಪಷ್ಟವಾಗಿ ಬರುತ್ತದೆ ಎಂದು ಕೇಳುವವರು ಕಡಿಮೆ. ಹನೂರು ಕಡೆಯ ಬಸ್ಸಿಳಿದು ಬಂದವರು, ಯಳಂದೂರಿನಿಂದ ಬಂದವರು ಕೇಳುತ್ತಿದ್ದ ಮೊದಲ ಮಾತು, "ಮಾದಪ್ಪನ ಕತ ಪೂರ್ತಿ ಓಡ್ತದಾ?" ಎರಡನೆಯದು, "ಕರೆಂಟು ಹೋಗಿ ಬಂದ್ರ ಮತ್ತ ಮೊದ್ಲಿಂದ ಸುರುವಾಯ್ತದಾ?" ಇಂಗ್ಲಿಷ್ ಓದಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ನೆಂಟರ ಜೊತೆ ಅಂಗಡಿಗೆ ಹೋಗಿ, ರಟ್ಟಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದನ್ನು ಓದಿ ಹೇಳುವ ಕೆಲಸ ಆಗ ನನ್ನ ಪಾಲಿಗೆ ಬರುತ್ತಿತ್ತು. ಈ ಎರಡು ಪ್ರಶ್ನೆಗಳಿಗೆ ಉತ್ತರ ಮಾತ್ರ ಆ ಪೆಟ್ಟಿಗೆಯ ಮೇಲೆ ನೇರವಾಗಿ ಇರುತ್ತಿರಲಿಲ್ಲ.

ಇವು ತಂತ್ರಜ್ಞಾನ ಗೊತ್ತಿಲ್ಲದವರ ಮುಗ್ಧ ಪ್ರಶ್ನೆಗಳೆಂದು ಅಂಗಡಿಯ ಹುಡುಗರು ನಗುತ್ತಿದ್ದರು. ಧ್ವನಿಮುದ್ರಣದ ನೂರು ವರ್ಷಗಳ ಇತಿಹಾಸವನ್ನು ಓದಿದ ಮೇಲೆ ನನಗೆ ಅನ್ನಿಸುವುದೇ ಬೇರೆ. ಈ ಮೂರು ತಾಲ್ಲೂಕುಗಳ ಜನ ತಮ್ಮ ಕಾವ್ಯದ ಅಳತೆ ಹಿಡಿದು ಯಂತ್ರವನ್ನು ಆರಿಸುತ್ತಿದ್ದರು. ಅಲ್ಲಿಯವರೆಗೆ ಬಂದಿದ್ದ ಪ್ರತಿಯೊಂದು ಯಂತ್ರವೂ ತನ್ನ ಅಳತೆಗೆ ಕಾವ್ಯವನ್ನು ಕತ್ತರಿಸುತ್ತ ಬಂದಿತ್ತು.

ಆ ಕಾವ್ಯದ ಅಳತೆ ಸಣ್ಣದಲ್ಲ. ಮಲೆ ಮಹದೇಶ್ವರನ ಕಥೆಯನ್ನು ಹಾಡುವವರು ದೇವರಗುಡ್ಡರು. ಎಡ ಅಂಗೈಯಲ್ಲಿ ಬಟ್ಟಲಿನ ಆಕಾರದ ಕಂಚು, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ಕಂಚು. ಇವೆರಡೂ ಸೇರಿ ಕಂಸಾಳೆ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆಯನ್ನು ತಂಬೂರಿ ಹಿಡಿದು ಹಾಡುವವರು ನೀಲಗಾರರು. ಎರಡು ಕಾವ್ಯಗಳ ಅಧ್ಯಾಯಗಳಿಗೂ 'ಸಾಲು' ಎಂದೇ ಹೆಸರು. ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಜುಂಜೇಗೌಡನ ಸಾಲು ಎಂದು ಒಂದೊಂದನ್ನೇ ಎತ್ತಿಕೊಂಡರೂ ರಾತ್ರಿ ಜಾರುತ್ತದೆ. ಎಲ್ಲವನ್ನೂ ಹಾಡಲು ಹಲವು ಇರುಳು ಬೇಕು. ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಹನೂರು ಪ್ರತ್ಯೇಕ ತಾಲ್ಲೂಕಾದದ್ದು ತೀರ ಈಚೆಗೆ. ಹಾಡುಗಾರರ ತಿರುಗಾಟಕ್ಕೆ ಈ ಗಡಿಗಳು ಎಂದೂ ಅಡ್ಡ ಬಂದಿಲ್ಲ.

ಸಾಹಿತ್ಯ ಚರಿತ್ರೆ ಓದುವ ವಿದ್ಯಾರ್ಥಿಗೆ ಯಳಂದೂರು ಎಂದರೆ 'ಹದಿಬದೆಯ ಧರ್ಮ' ಬರೆದ ಸಂಚಿ ಹೊನ್ನಮ್ಮನ ಊರು. ಅದೇ ನೆಲದ ಬಾಯಿಮಾತಿನ ಕಾವ್ಯ ಅಚ್ಚಿಗೆ ಬರಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೆ ಕಾಯಬೇಕಾಯಿತು. ಪಿ.ಕೆ. ರಾಜಶೇಖರ ಅವರ 'ಮಲೆಯ ಮಾದೇಶ್ವರ' 1973ರಲ್ಲಿ ಬಂತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಆ ಪಾಠ ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅವರಿಂದ ಇಂಗ್ಲಿಷಿಗೂ ಹೋಯಿತು. ಪುಸ್ತಕಕ್ಕೆ ಪುಟಗಳ ಮಿತಿ ಇಲ್ಲ, ಹಾಗಾಗಿ ಕಥೆ ಹಿಡಿಸಿತು. ಆದರೆ ದನಿ ಅದರೊಳಗೆ ಬರಲಿಲ್ಲ.

ದನಿ ಹಿಡಿಯುವ ಯಂತ್ರಗಳ ಕಥೆ ನಮ್ಮ ಸೀಮೆಯ ಪಕ್ಕಕ್ಕೇ ಬಂದು ಹೋಗುತ್ತದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗಾಗಿ ಹಾಡಿ ಭಾರತದ ಮೊದಲ ಧ್ವನಿಮುದ್ರಿಕೆಗಳ ತಾರೆಯಾದ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿ ಹಾಡುವುದನ್ನು ಅವರು ಕರಗತ ಮಾಡಿಕೊಂಡಿದ್ದರು. ಆ ಕಾಲದ ತಟ್ಟೆಯ ಒಂದು ಮುಖಕ್ಕೆ ಹಿಡಿಸುತ್ತಿದ್ದುದು ಅಷ್ಟೇ. ರಾಗವನ್ನು ಹಾಗೆ ಇಳಿಸಬಹುದು. ಸಂಕಮ್ಮನ ಕಥೆಯನ್ನು ಇಳಿಸುವುದು ಹೇಗೆ? ಗಂಡ ನೀಲೇಗೌಡ ಜೇನಿಗೆ ಹೊರಡುವ ಮುನ್ನ ಆಣೆ ಕೇಳುತ್ತಾನೆ, ಅವಳು ಕೊಡುವುದಿಲ್ಲ. ಆಮೇಲಿನ ಹಿಂಸೆ, ಮಾದಪ್ಪನ ಬರವು, ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳ ಫಲ, ಎಲ್ಲವೂ ಆ ಒಂದು ನಿರಾಕರಣೆಯಿಂದ ಹೊರಡುತ್ತವೆ. ಅವಳ ಹಟ ಎಷ್ಟು ಹೊತ್ತು ನಿಂತಿತು ಎಂಬುದು ಹಾಡಿನ ಉದ್ದದಲ್ಲೇ ಕೇಳುಗರಿಗೆ ತಾಕಬೇಕು.

1948ರಲ್ಲಿ ಬಂದ ಎಲ್‌ಪಿ ತಟ್ಟೆಯ ಒಂದು ಮುಖಕ್ಕೆ ಇಪ್ಪತ್ತು ನಿಮಿಷ ದಾಟಿತು. 1963ರಲ್ಲಿ ಫಿಲಿಪ್ಸ್ ತಂದ ಕ್ಯಾಸೆಟ್ಟು ಮುಖಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಕೊಟ್ಟಿತು. ಕ್ಯಾಸೆಟ್ಟಿನ ದೊಡ್ಡ ಉಪಕಾರ ಬೇರೆಯೇ ಇತ್ತು. ಅಗ್ಗದ ಯಂತ್ರದಲ್ಲಿ ಯಾರು ಬೇಕಾದರೂ ಮುದ್ರಿಸಬಹುದಾಗಿದ್ದರಿಂದ, ದೊಡ್ಡ ಕಂಪನಿಗಳು ತಿರುಗಿ ನೋಡದ ಭಾಷೆ, ಉಪಭಾಷೆ, ಹರಕೆಹಾಡುಗಳೆಲ್ಲ ಮಾರುಕಟ್ಟೆಗೆ ಬಂದವು. ಉತ್ತರ ಭಾರತದಲ್ಲಿ ಇದು ನಡೆದ ಬಗೆಯನ್ನು ಪೀಟರ್ ಮ್ಯಾನುಯೆಲ್ 1993ರ 'ಕ್ಯಾಸೆಟ್ ಕಲ್ಚರ್' ಪುಸ್ತಕದಲ್ಲಿ ವಿವರಿಸಿದ್ದಾರೆ. ನಮ್ಮ ಕಡೆಯೂ ಅದೇ ಆಯಿತು. ಮಳವಳ್ಳಿ ಮಹದೇವಸ್ವಾಮಿ, ಕಂಸಾಳೆ ಮಹದೇವಯ್ಯನವರ ದನಿಗಳು ಟೀ ಅಂಗಡಿ, ಬಸ್ಸು, ರೇಷ್ಮೆಹುಳು ಸಾಕುವ ಮನೆಗಳ ತನಕ ಹೋದದ್ದು ಕ್ಯಾಸೆಟ್ಟಿನಿಂದ. ಆದರೂ ಕಥೆ ಭಾಗ 1, ಭಾಗ 2 ಎಂದು ತುಂಡಾಗಿಯೇ ಇತ್ತು. ಭಾಗ 3 ಯಾರೋ ಒಯ್ದಿರುತ್ತಿದ್ದರು, ಮರಳಿ ಬರುತ್ತಿರಲಿಲ್ಲ.

ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿ 1982ರಲ್ಲಿ ಮಾರುಕಟ್ಟೆಗೆ ಬಿಟ್ಟ ಸಿ.ಡಿ.ಗೆ ಹನ್ನೆರಡು ಸೆಂಟಿಮೀಟರ್ ಅಗಲ, 74 ನಿಮಿಷದ ಹಾಡು. 1993ರ ವಿಸಿಡಿ ಅದೇ ತಟ್ಟೆಯೊಳಗೆ ಅಷ್ಟೇ ಹೊತ್ತಿನ ಸಾಧಾರಣ ಚಿತ್ರವನ್ನೂ ತುಂಬಿತು. ಬೆಟ್ಟದ ಹಿನ್ನೆಲೆಯಲ್ಲಿ ಕುಣಿಯುವ ಭಕ್ತಿಗೀತೆಗಳ ವಿಸಿಡಿಗಳು ಜಾತ್ರೆಯ ಅಂಗಡಿಗಳಲ್ಲಿ ರಾಶಿ ಬಿದ್ದವು. 1996ರಲ್ಲಿ ಜಪಾನಿನಲ್ಲಿ ಡಿವಿಡಿ ಮಾರಾಟ ಶುರುವಾಯಿತು; ಅದರ ಒಂದು ಪದರಕ್ಕೆ 4.7 ಗಿಗಾಬೈಟ್. ಶ್ರೀಮಂತ ದೇಶಗಳ ಸಂಗೀತಪ್ರಿಯರು ಆಗ ಇನ್ನೊಂದು ಜಗಳದಲ್ಲಿದ್ದರು. 1999ರ ಸೂಪರ್ ಆಡಿಯೋ ಸಿ.ಡಿ. ಮೇಲೋ, 2000ದ ಡಿವಿಡಿ ಆಡಿಯೋ ಮೇಲೋ? ಯಾವ ಪ್ಲೇಯರ್ ಕೊಂಡರೆ ಪಿಟೀಲಿನ ನಾದ ಹೆಚ್ಚು ನಿಜವಾಗಿ ಕೇಳುತ್ತದೆ? ತಟ್ಟೆಯಲ್ಲಿ ಹೆಚ್ಚಿದ ಜಾಗವನ್ನು ಅವರು ನಾದದ ನಯಕ್ಕೆ ಬಳಸಿದರು. ನಮ್ಮವರು ಉದ್ದಕ್ಕೆ ಬಳಸಿದರು.

ಅದನ್ನು ಸಾಧ್ಯ ಮಾಡಿದ್ದು ಎಂಪಿ3. ಕಿವಿಗೆ ಸುಲಭವಾಗಿ ಗೊತ್ತಾಗದ ಅಂಶಗಳನ್ನು ಬಿಟ್ಟು, ಹಾಡನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸುವ ಲೆಕ್ಕ ಅದು. ಸೆಕೆಂಡಿಗೆ 128 ಕಿಲೋಬಿಟ್‌ನಂತೆ ತುಂಬಿದರೆ 700 ಮೆಗಾಬೈಟಿನ ಮಾಮೂಲಿ ಸಿ.ಡಿ.ಯಲ್ಲಿ ಹನ್ನೆರಡು ಗಂಟೆ ಹಾಡು ಹಿಡಿಸುತ್ತದೆ. ಸಂಜೆ ದೀಪ ಹಚ್ಚಿದಾಗಿನಿಂದ ಬೆಳಗಿನವರೆಗೆ. ಒಂದು ಇರುಳಿನ ಕಥೆ ಒಂದೇ ವಸ್ತುವಿನೊಳಗೆ ಕೂತದ್ದು ಅದೇ ಮೊದಲು. ಹೀಗಾಗಿ ಪ್ಲೇಯರಿನ ಮುಂಭಾಗದಲ್ಲಿ ಅಂಟಿಸಿದ್ದ ಹಲವು ಚೀಟಿಗಳಲ್ಲಿ ಇಲ್ಲಿ ಮುಖ್ಯವಾದದ್ದು 'ಎಂಪಿ3' ಎಂಬ ಚೀಟಿ.

ಚೀಟಿ ಇದ್ದ ಮಾತ್ರಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ಡಿವಿಡಿ ಓದುವ ಲೇಸರ್ ಕೆಂಪು ಬೆಳಕು, 650 ನ್ಯಾನೊಮೀಟರ್, ಸಿ.ಡಿ. ಓದುವುದು 780 ನ್ಯಾನೊಮೀಟರಿನ ಅವಗೆಂಪು. ಅಚ್ಚುಹೊಡೆದ ಸಿ.ಡಿ.ಯನ್ನು ಡಿವಿಡಿಯ ಲೇಸರ್ ಹೇಗೋ ಓದುತ್ತದೆ. ಮನೆಯಲ್ಲೋ ಸೈಬರ್ ಅಂಗಡಿಯಲ್ಲೋ 'ಬರ್ನ್' ಮಾಡಿದ ಸಿ.ಡಿ.ಯಲ್ಲಿ ಇರುವುದು ಬಣ್ಣದ ಪದರ; ಅದು ಕೆಂಪು ಬೆಳಕನ್ನು ಸರಿಯಾಗಿ ತಿರುಗಿಸಿ ಕೊಡುವುದಿಲ್ಲ. ಮೊದಮೊದಲ ಡಿವಿಡಿ ಪ್ಲೇಯರುಗಳು ಇಂಥ ತಟ್ಟೆಯನ್ನು ಕಂಡರೆ 'ಡಿಸ್ಕ್ ಇಲ್ಲ' ಎನ್ನುತ್ತಿದ್ದುದು ಇದಕ್ಕೇ. ಎರಡು ಬಗೆಯ ಲೇಸರನ್ನೂ ಕೂಡಿಸಿದ ಮೇಲೆ ಈ ತೊಡಕು ಹೋಯಿತು. ಇದ್ಯಾವುದನ್ನೂ ಓದದ ನನ್ನ ಸೋದರಮಾವ ಅಂಗಡಿಗೆ ಹೋಗುವಾಗ ಮನೆಯಲ್ಲಿದ್ದ ಅತಿ ಗೀಚಿದ, ಬರ್ನ್ ಮಾಡಿದ ತಟ್ಟೆಯನ್ನು ಅಂಗಿಯೊಳಗೆ ಇಟ್ಟುಕೊಂಡು ಬರುತ್ತಿದ್ದರು. "ಇದ ಹಾಕಪ್ಪ, ನೋಡವ." ಅದು ಓಡಿದರೆ ವ್ಯಾಪಾರ. ಅದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾನು ಇಂದಿಗೂ ಕಂಡಿಲ್ಲ.

ಎರಡನೆಯ ಪರೀಕ್ಷೆ ಕರೆಂಟಿನದು. ಓಡುತ್ತಿರುವಾಗಲೇ ಪ್ಲಗ್ ಕಿತ್ತು, ಮತ್ತೆ ಹಾಕಿ ನೋಡುವುದು. ಕೆಲವು ಪ್ಲೇಯರುಗಳಲ್ಲಿ ನಿಂತಲ್ಲಿಂದ ಮುಂದುವರಿಯುವ ನೆನಪು ಇತ್ತು, ಕೆಲವಲ್ಲಿ ಇರಲಿಲ್ಲ. ಮೂರು ನಿಮಿಷದ ಸಿನಿಮಾ ಹಾಡು ಕೇಳುವವರಿಗೆ ಇದು ಲೆಕ್ಕಕ್ಕಿಲ್ಲ. ಏಳನೆಯ ಗಂಟೆಯ ಕಥೆಯಲ್ಲಿದ್ದವರಿಗೆ ಇದೇ ಎಲ್ಲ. ಹಾಡುಗಾರ ಎಲೆ ಅಡಿಕೆಗೆ ನಿಲ್ಲಿಸಿದರೂ, ಮಂಗಳಾರತಿಗೆ ನಿಲ್ಲಿಸಿದರೂ ಬಿಟ್ಟ ಪದದಿಂದಲೇ ಎತ್ತಿಕೊಳ್ಳುತ್ತಾನೆ. ಯಂತ್ರವೂ ಅಷ್ಟು ಮಾಡಲಿ ಎಂದು ಜನ ಬಯಸಿದ್ದರು.

ಮೂರನೆಯದು ಸಾಲುಗಳ ಸರದಿ. ಬಹಳಷ್ಟು ಪ್ಲೇಯರುಗಳು ಫೈಲುಗಳನ್ನು ಹೆಸರಿನ ಅಕ್ಷರಕ್ರಮದಲ್ಲಿ ಜೋಡಿಸುತ್ತಿದ್ದವು. 1 ಆದ ಮೇಲೆ 10, 11, 12; ಆಮೇಲೆ 2. ಸಂಕಮ್ಮನಿಗೆ ಮಕ್ಕಳಾದ ಮೇಲೆ ನೀಲೇಗೌಡ ಜೇನಿಗೆ ಹೊರಡುತ್ತಿದ್ದ! ಒಂದರ ಬದಲು 01 ಎಂದು ಬರೆದರೆ ಸರಿಹೋಗುತ್ತದೆ ಎಂಬ ಗುಟ್ಟನ್ನು ತಟ್ಟೆ ಬರ್ನ್ ಮಾಡುವ ಹುಡುಗರು ಬೇಗ ಕಲಿತರು. ಟಿ.ವಿ. ಹಚ್ಚದೆ, ಮುಂಭಾಗದ ಅಂಕಿ ನೋಡಿಯೇ ಹಾಡು ಆರಿಸಲು ಬರುವ ಪ್ಲೇಯರಿಗೂ ಇಲ್ಲಿ ಬೇಡಿಕೆ ಇತ್ತು. ಪರದೆಯ ಮೇಲೆ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ. ಕೆಲವದರಲ್ಲಿ ಇಂಗ್ಲಿಷ್ ಹೆಸರೂ ಎಂಟು ಅಕ್ಷರಕ್ಕೆ ತುಂಡಾಗಿ, ಮಹದೇಶ್ವರ ಅರ್ಧ ಹೆಸರಿನ ದೇವರಾಗಿದ್ದ. ಅಂಕಿಯೇ ವಾಸಿ.

ಕಥೆ ಪೂರ್ತಿ ಹಿಡಿಸಿತು, ಸರಿ. ಇದರಿಂದ ಹಾಡುವವರಿಗೆ ಏನಾಯಿತು? ಹರಕೆ ಹೊತ್ತ ಮನೆಗೆ ಇಂದಿಗೂ ದೇವರಗುಡ್ಡರೇ ಬರಬೇಕು, ನೀಲಗಾರರೇ ಬರಬೇಕು. ಪ್ಲೇಯರಿಗೆ ದೀಕ್ಷೆ ಕೊಡಲು ಬರುವುದಿಲ್ಲ, ಅದು ಪಡಿ ಬೇಡುವುದಿಲ್ಲ. ಆದರೆ ಹರಕೆ ಇಲ್ಲದ, ಬರಿ ಕೇಳುವ ಆಸೆಯ ರಾತ್ರಿಗಳನ್ನು ತಟ್ಟೆ ತೆಗೆದುಕೊಂಡಿತು. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಬದಲಾವಣೆಯನ್ನು ನಾನು ನೋಡಿದ್ದೇನೆ. ಜಗಲಿಯಲ್ಲಿ ಹಿರಿಯರೊಬ್ಬರು ಹಾಡುತ್ತಿದ್ದಾಗ ಹುಡುಗರು ನಡುವೆ ಬಾಯಿ ಹಾಕಿ, "ಸೀಡೀಲಿ ಹಿಂಗಿಲ್ಲ ಕನ ತಾತ" ಅಂದರು. ಒಂದೊಂದು ಮೇಳಕ್ಕೂ ಒಂದೊಂದು ದಾರಿ ಇದ್ದ ಕಾವ್ಯಕ್ಕೆ ತಟ್ಟೆಯ ಪಾಠವೇ ಸರಿ ಪಾಠವಾಗತೊಡಗಿತ್ತು. ತಾತ ನಕ್ಕು ಮುಂದುವರಿಸಿದರು. ಅವರ ದಾರಿಯ ಪಾಠವನ್ನು ಯಾರೂ ಮುದ್ರಿಸಿಕೊಳ್ಳಲಿಲ್ಲ. ಇನ್ನೊಂದು ಕಡೆ, ಗುರು ಸಿಗದ ಹುಡುಗರು ತಟ್ಟೆಯನ್ನೇ ಹಿಂದೆ ಮುಂದೆ ಓಡಿಸಿ ಸಾಲು ಕಲಿತದ್ದೂ ನಿಜ. ಎರಡನ್ನೂ ಒಟ್ಟಿಗೆ ಹೇಳದೆ ಈ ಇತಿಹಾಸ ಪೂರ್ತಿಯಾಗದು.

ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶನ ಕಲಾವಿದರ ಹಕ್ಕನ್ನು ಮೊದಲ ಬಾರಿಗೆ ಗುರುತಿಸಿತು. ಅದರ ವ್ಯಾಖ್ಯೆಯಲ್ಲಿ ನಟ, ಗಾಯಕ, ವಾದಕರ ಜೊತೆಗೆ ಜಾದೂಗಾರರೂ ಹಾವಾಡಿಗರೂ ಇದ್ದಾರೆ. ಕಂಸಾಳೆಯವರಿಗೂ ಅಲ್ಲಿ ಜಾಗವಿದೆ. ಆದರೆ ಹಕ್ಕು ಕೇಳಬೇಕಾದರೆ ಮೊದಲು ಹೆಸರು ಎಲ್ಲಾದರೂ ಬರೆದಿರಬೇಕು. ನನ್ನ ಬಳಿ ಇರುವ ತಟ್ಟೆಗಳ ಕವಚಗಳಲ್ಲಿ ದೇವರ ಚಿತ್ರವಿದೆ, ಮುಖ್ಯ ಹಾಡುಗಾರರ ಹೆಸರಿದೆ. ಇರುಳಿಡೀ ದನಿಗೂಡಿಸಿದ ಹಿಮ್ಮೇಳದವರ ಹೆಸರು ಹೆಚ್ಚಿನವುಗಳಲ್ಲಿ ಇಲ್ಲ.

ಈಗ ಆ ಪ್ಲೇಯರುಗಳ ಕಾಲವೂ ಮುಗಿಯುತ್ತ ಬಂದಿದೆ. 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಿ ಮಾರುಕಟ್ಟೆಯನ್ನೇ ಅಲುಗಿಸಿದ್ದ ಮೋಸರ್ ಬೇರ್ ಕಂಪನಿ 2018ರಲ್ಲಿ ಸಮಾಪನಕ್ಕೆ ಹೋಯಿತು. 'ಸೋಜುಗಾದ ಸೂಜುಮಲ್ಲಿಗೆ' ಇಂದು ಜಗತ್ತಿನ ಯಾವ ಮೂಲೆಯಲ್ಲೂ ಫೋನಿನಲ್ಲಿ ಕೇಳುತ್ತದೆ, ಮತ್ತೆ ನಾಲ್ಕೈದು ನಿಮಿಷದ ಅಳತೆಗೆ. ಇರುಳುದ್ದದ ಕಥೆಗಳು ಮಾತ್ರ ಹಳ್ಳಿಮನೆಗಳ ಅಟ್ಟದ ಮೇಲಿವೆ. ಕಂಪನಿಗಳು ಅಚ್ಚುಹೊಡೆದ ತಟ್ಟೆಗಳು ಇನ್ನೂ ಕೆಲವು ಕಾಲ ಉಳಿದಾವು. ಮದುವೆ ವಿಡಿಯೊ ತೆಗೆಯುವವರು ಯಾರದೋ ಮನೆಯ ಕಥೆಯನ್ನೋ ಚಿಕ್ಕಲ್ಲೂರು ಜಾತ್ರೆಯ ಹಾಡನ್ನೋ ಮುದ್ರಿಸಿ ಬರ್ನ್ ಮಾಡಿಕೊಟ್ಟ ತಟ್ಟೆಗಳು ಹಾಗಲ್ಲ. ಬಿಸಿಲಿಗೂ ಸೆಕೆಗೂ ಅವುಗಳ ಬಣ್ಣದ ಪದರ ಮಾಸುತ್ತದೆ. ಅವುಗಳಿಗೆ ಎರಡನೆಯ ಪ್ರತಿಯೂ ಇಲ್ಲ.

ಆದ್ದರಿಂದ ಇಂದು ಯಾರಾದರೂ ಹಳೆಯ ಡಿವಿಡಿ ಪ್ಲೇಯರನ್ನೋ ಕಂಪ್ಯೂಟರಿಗೆ ಸಿಕ್ಕಿಸುವ ಡ್ರೈವನ್ನೋ ಆರಿಸಲು ನನ್ನನ್ನು ಕೇಳಿದರೆ, ಹಳೆಯ ಪರೀಕ್ಷೆಯನ್ನೇ ಹೇಳುತ್ತೇನೆ: ಅತಿ ಕೆಟ್ಟ ತಟ್ಟೆಯನ್ನು ಒಯ್ದು ಹಾಕಿ ನೋಡಿ. ಓದಿದರೆ ಅಂದೇ ನಕಲು ಇಳಿಸಿಕೊಳ್ಳಿ. ಜಾನಪದ ಓದುವ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಬೆಟ್ಟಕ್ಕೋ ಬನದ ಹುಣ್ಣಿಮೆಯ ಜಾತ್ರೆಗೋ ಬಂದಾಗ ಇಂಥ ಮನೆಗಳನ್ನೂ ಹೊಕ್ಕು ಕೇಳಲಿ. ನಕಲು ಮಾಡಿಕೊಳ್ಳುವಾಗ ಆ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿಮ್ಮೇಳದಲ್ಲಿ ಕೇಳುವ ಒಂದೊಂದು ದನಿಯೂ ಯಾರದು, ಯಾವ ಊರಿನದು ಎಂದು ಬರೆದುಕೊಳ್ಳಲಿ. ಅವರಲ್ಲಿ ಹಲವರು ಇನ್ನೂ ಬದುಕಿದ್ದಾರೆ, ಕೇಳಿದರೆ ಹಾಡುತ್ತಾರೆ.