ಮಂಗಳೂರು ಪ್ರದೇಶದಲ್ಲಿ ಆಶ್ರಿತರ ವಸತಿ

ಮಂಗಳೂರು ನಗರ ಮತ್ತು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹೊರದೇಶದಿಂದ ನೆಲೆ ಅರಸಿ ಬಂದವರ ವಸತಿಗೆ ಒಂದೇ ವ್ಯವಸ್ಥೆ ಎಂದೂ ಇರಲಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆಶ್ರಯ ಕುರಿತ ಪ್ರತ್ಯೇಕ ಕಾನೂನೂ ಇಲ್ಲ. ಹಾಗಾಗಿ ಬಂದವರನ್ನು ಸರ್ಕಾರ ಯಾವ ವರ್ಗಕ್ಕೆ ಸೇರಿಸಿತೋ ಅದರಂತೆ ಸೂರು ದೊರೆತಿದೆ.

ಹಿನ್ನೆಲೆ: ಪೋರ್ಚುಗೀಸರ ಗೋವೆಯಿಂದ ಸಾರಸ್ವತರೂ ಕ್ರೈಸ್ತರೂ ಕರಾವಳಿಗೆ ಇಳಿದುಬಂದರು. 1560ರಲ್ಲಿ ಅಲ್ಲಿ ಆರಂಭವಾದ ಧರ್ಮವಿಚಾರಣೆ (ಇನ್‌ಕ್ವಿಸಿಷನ್) ಒಂದನ್ನೇ ಕಾರಣವಾಗಿ ಹೇಳುವುದುಂಟು. ಕ್ಷಾಮ, ರೋಗ ಮತ್ತು ಮರಾಠರ ದಾಳಿಗಳೂ ಈ ವಲಸೆಗೆ ಕಾರಣವಾಗಿದ್ದವು.

ರಬ್ಬರ್ ತೋಟದ ಕಾಲೊನಿಗಳು: ಸುಳ್ಯ, ಪುತ್ತೂರು ಭಾಗದ ತಮಿಳು ಕಾರ್ಮಿಕರನ್ನು ಶ್ರೀಲಂಕಾ ಯುದ್ಧದ ನಿರಾಶ್ರಿತರೆಂದು ಬರೆಯುವ ರೂಢಿಯಿದೆ, ಇದು ಸರಿಯಲ್ಲ. ಇವರು ಸಿಲೋನಿನ ಚಹಾ ತೋಟಗಳಿಗೆ ಹೋಗಿದ್ದ ಭಾರತೀಯರ ವಂಶಜರು. 1948ರ ಸಿಲೋನ್ ಪೌರತ್ವ ಕಾಯ್ದೆ ಇವರಲ್ಲಿ ಬಹುಪಾಲು ಜನರನ್ನು ಪೌರತ್ವಹೀನರನ್ನಾಗಿಸಿತು. 1964ರ ಅಕ್ಟೋಬರ್ 30ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಲ್ಲಿ 5,25,000 ಮಂದಿಯನ್ನು ಭಾರತವೂ 3,00,000 ಮಂದಿಯನ್ನು ಸಿಲೋನೂ ಸ್ವೀಕರಿಸಲು ಒಪ್ಪಿದವು. ಉಳಿದ 1,50,000 ಮಂದಿಯನ್ನು 1974ರಲ್ಲಿ ಸಮನಾಗಿ ಹಂಚಿಕೊಳ್ಳಲಾಯಿತು. ಭಾರತಕ್ಕೆ ಬಂದವರು ಕಾನೂನಿನಂತೆ ಭಾರತೀಯ ಪ್ರಜೆಗಳು. 1983ರ ನಂತರ ಯುದ್ಧದಿಂದ ಓಡಿಬಂದವರು ಬೇರೆ. ಅವರು ಮುಖ್ಯವಾಗಿ ತಮಿಳುನಾಡಿನ ಶಿಬಿರಗಳಲ್ಲಿ ಉಳಿದರು.

ಮರಳಿ ಬಂದವರಲ್ಲಿ ಕೆಲವು ಕುಟುಂಬಗಳಿಗೆ 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸವೂ ಲೈನ್ ಮನೆಯೂ ಸಿಕ್ಕವು. ಮನೆ ಕೆಲಸಕ್ಕೆ ಅಂಟಿಕೊಂಡಿದ್ದುದೇ ಮುಂದಿನ ತೊಡಕಿನ ಮೂಲ: ನಿವೃತ್ತರಾದವರು ಮನೆ ಬಿಡಬೇಕು, ಹೋಗಲು ಸ್ವಂತ ಜಾಗವಿಲ್ಲ. ಜಾತಿ ಪ್ರಮಾಣಪತ್ರ ಎರಡನೆಯ ವಿವಾದ. ಇವರಲ್ಲಿ ಹಲವರು ಸೇರಿರುವ ಆದಿ ದ್ರಾವಿಡ ಜಾತಿ ಕರ್ನಾಟಕದ ಪರಿಶಿಷ್ಟ ಪಟ್ಟಿಯಲ್ಲಿದ್ದರೂ, ಪಟ್ಟಿ ರಾಜ್ಯವಾರು ಇರುವುದರಿಂದ ಮೂಲ ವಾಸಸ್ಥಳದ ಪ್ರಶ್ನೆ ಎದ್ದಿತು. ಕಾಡಂಚಿನ ಊರುಗಳಿಗೆ ರಬ್ಬರ್ ಟ್ಯಾಪಿಂಗ್‌ನಲ್ಲಿ ಪಳಗಿದ ಕೈಗಳೂ ತುಳು, ಕನ್ನಡ, ಅರೆಭಾಷೆಗಳ ನಡುವೆ ತಮಿಳು ಮಾತೂ ಸೇರಿಕೊಂಡವು.

2021ರ ನಂತರ: ಆ ವರ್ಷದ ಜೂನ್‌ನಲ್ಲಿ ಮಂಗಳೂರು ಪೊಲೀಸರು ಶ್ರೀಲಂಕಾದ 38 ಮಂದಿಯನ್ನು ಬಂಧಿಸಿದರು. ಕೆನಡಾಕ್ಕೆ ಕಳುಹಿಸುವ ಆಮಿಷಕ್ಕೆ ಒಳಗಾಗಿ ಹಣ ಕೊಟ್ಟು ತಮಿಳುನಾಡಿನ ಮೂಲಕ ಬಂದ ಅವರು ನಗರದ ಲಾಡ್ಜ್ ಮತ್ತು ಬಾಡಿಗೆ ಮನೆಗಳಲ್ಲಿ ತಂಗಿದ್ದರು. ಮಾನವ ಕಳ್ಳಸಾಗಣೆಯ ತನಿಖೆಯನ್ನು ರಾಷ್ಟ್ರೀಯ ತನಿಖಾ ದಳ ವಹಿಸಿಕೊಂಡಿತು. ಅದೇ ವರ್ಷ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾದಾಗ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಅಫ್ಘನ್ ವಿದ್ಯಾರ್ಥಿಗಳು ಅತಂತ್ರರಾದರು. ವೀಸಾ ಇದ್ದುದರಿಂದ ಅವರ ಪ್ರಶ್ನೆ ಅವಧಿ ವಿಸ್ತರಣೆಯದಾಯಿತು, ಬಂಧನದ್ದಲ್ಲ.

1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಅದರಡಿಯ ಆದೇಶವೊಂದು 2015ರ ಜನವರಿ 9ರೊಳಗೆ ಆಶ್ರಯ ಪಡೆದು ನೋಂದಾಯಿಸಿಕೊಂಡ ಲಂಕಾ ತಮಿಳರಿಗೆ ವಿನಾಯಿತಿ ನೀಡಿದೆ. ಅನಂತರ ಬಂದವರು ಅದರ ವ್ಯಾಪ್ತಿಗೆ ಸೇರುವುದಿಲ್ಲ.