ದೇವಿಕಾ ರಾಣಿ: ತೆರೆಯ ಹಿಂದಿನ ದುಡಿಮೆ

ದೇವಿಕಾ ರಾಣಿ ಎಂದೊಡನೆ ಸಿನಿಮಾಪ್ರಿಯರು ಮೊದಲು ಹೇಳುವುದು ‘ಕರ್ಮ’ ಚಿತ್ರದ ಮುತ್ತಿನ ಕತೆ. ಭಾರತದ ತೆರೆಯ ಮೇಲಿನ ಮೊದಲ ಚುಂಬನ, ಅದೂ ನಾಲ್ಕು ನಿಮಿಷದ್ದು ಎಂಬ ಮಾತು ರಸಪ್ರಶ್ನೆ ಪುಸ್ತಕಗಳಿಂದ ಭಾನುವಾರದ ಪುರವಣಿಗಳವರೆಗೆ ಓಡಾಡುತ್ತಲೇ ಇದೆ. ಆದರೆ ಮೂಕಿ ಚಿತ್ರಗಳ ಕಾಲದಲ್ಲೇ ನಮ್ಮ ತೆರೆಯ ಮೇಲೆ ಚುಂಬನವಿತ್ತು. 1929ರ ‘ಪ್ರಪಂಚ ಪಾಶ್’ ಚಿತ್ರದಲ್ಲಿ ಸೀತಾದೇವಿ ಮತ್ತು ಚಾರು ರಾಯ್ ಅವರ ಚುಂಬನ ದೃಶ್ಯವನ್ನು ಈಗಲೂ ನೋಡಬಹುದು. ಇನ್ನು ‘ಕರ್ಮ’ದ ಆ ದೃಶ್ಯ ಪ್ರಣಯದ್ದೇ ಅಲ್ಲ. ಹಾವು ಕಚ್ಚಿ ಪ್ರಜ್ಞೆ ತಪ್ಪಿ ಬಿದ್ದ ರಾಜಕುಮಾರನನ್ನು ಎಬ್ಬಿಸಲು ರಾಜಕುಮಾರಿ ಪಡುವ ಸಂಕಟ ಅದು.

ಕುತೂಹಲದ ಸಂಗತಿಯೆಂದರೆ ‘ಪ್ರಪಂಚ ಪಾಶ್’ಗಾಗಿ ದೇವಿಕಾ ರಾಣಿ ತೆರೆಯ ಹಿಂದೆ ದುಡಿದಿದ್ದರು. ನಟಿಯಾಗುವ ಮೊದಲೇ ಅವರು ಉಡುಪು ಮತ್ತು ರಂಗಸಜ್ಜಿಕೆಯ ಕೆಲಸಕ್ಕೆ ಸೇರಿದ್ದರು. ಮುತ್ತಿನ ಕತೆಯ ಗದ್ದಲದಲ್ಲಿ ನಮಗೆ ಕಾಣದೆ ಹೋಗಿರುವುದು ಇಂಥ ದುಡಿಮೆಯೇ.

ಅವರು ಹುಟ್ಟಿದ್ದು 1908ರಲ್ಲಿ, ಇಂದಿನ ವಿಶಾಖಪಟ್ಟಣದ ವಾಲ್ಟೇರಿನಲ್ಲಿ. ತಂದೆ ಕರ್ನಲ್ ಮನ್ಮಥನಾಥ ಚೌಧುರಿ ಮದ್ರಾಸ್ ಪ್ರಾಂತ್ಯದ ಸರ್ಜನ್ ಜನರಲ್ ಆಗಿದ್ದ ವೈದ್ಯರು. ಮನೆತನಕ್ಕೆ ಟಾಗೋರರ ನಂಟಿತ್ತು. ಬಾಲ್ಯದಲ್ಲೇ ಇಂಗ್ಲೆಂಡಿನ ವಸತಿ ಶಾಲೆ ಸೇರಿದ ಹುಡುಗಿ ಮುಂದೆ ಲಂಡನ್ನಿನಲ್ಲಿ ನಟನೆ, ಸಂಗೀತ, ಬಟ್ಟೆಯ ವಿನ್ಯಾಸ ಎಲ್ಲವನ್ನೂ ಕಲಿತರು. ಅಲ್ಲಿಯೇ ಹಿಮಾಂಶು ರಾಯ್ ಪರಿಚಯವಾಯಿತು, ಮದುವೆಯಾಯಿತು. ಬಳಿಕ ಬರ್ಲಿನ್ನಿನ ಉಫಾ ಸ್ಟುಡಿಯೊದಲ್ಲಿ ತರಬೇತಿ. ಸಿನಿಮಾದಲ್ಲಿ ನಟಿಸುವುದನ್ನು ಮರ್ಯಾದಸ್ಥ ಮನೆತನಗಳು ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ, ಅವರು ಈ ಉದ್ಯಮವನ್ನು ಒಂದು ಕಸುಬಿನಂತೆ ಬುಡದಿಂದ ಕಲಿತು ಬಂದರು.

1934ರಲ್ಲಿ ಮುಂಬೈನ ಮಲಾಡ್‌ನಲ್ಲಿ ಬಾಂಬೆ ಟಾಕೀಸ್ ಆರಂಭವಾಯಿತು. ಷೇರು ಬಂಡವಾಳ ಕೂಡಿಸಿ ಕಟ್ಟಿದ ಆ ಕಂಪನಿಯ ಮಂಡಳಿಯಲ್ಲಿ ಸರ್ ಚಿಮನ್‌ಲಾಲ್ ಸೆತಲ್‌ವಾಡ್ ಅವರಂಥವರಿದ್ದರು. ನಿರ್ದೇಶಕ ಫ್ರಾಂಜ್ ಆಸ್ಟೆನ್, ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ಜರ್ಮನಿಯಿಂದ ಬಂದವರು. ಸಂಗೀತದ ಹೊಣೆ ಹೊತ್ತವರು ಸರಸ್ವತಿ ದೇವಿ ಎಂಬ ಹೆಸರಿನಲ್ಲಿ ದುಡಿದ ಪಾರ್ಸಿ ಮಹಿಳೆ ಖುರ್ಷಿದ್ ಹೋಮ್‌ಜಿ. ಈ ಕಂಪನಿಯ ಚಿತ್ರಗಳಿಗೆ ಮುಖವಾದವರು ದೇವಿಕಾ ರಾಣಿ. 1936ರ ‘ಅಛೂತ್ ಕನ್ಯಾ’ದಲ್ಲಿ ರೈಲ್ವೆ ಗೇಟಿನ ಕಾವಲುಗಾರನ ಮಗಳು, ಅಸ್ಪೃಶ್ಯಳೆನಿಸಿಕೊಂಡ ಕಸ್ತೂರಿಯಾಗಿ ಅವರು ನಟಿಸಿದರು. ಬ್ರಾಹ್ಮಣ ಹುಡುಗ ಪ್ರತಾಪನ ಮೇಲಿನ ಅವಳ ಪ್ರೀತಿಯನ್ನು ಊರು ಒಪ್ಪುವುದಿಲ್ಲ. ಕೊನೆಗೆ ರೈಲನ್ನು ತಡೆಯಲು ಹೋಗಿ ಅವಳು ಸಾಯುತ್ತಾಳೆ. ಹೆಣ್ಣಿನ ಬಲಿದಾನದಲ್ಲಿ ಜಾತಿಯ ಪ್ರಶ್ನೆಯನ್ನು ಮುಗಿಸಿಬಿಡುವ ಈ ಕತೆ ಇಂದು ನಮಗೆ ಸಾಲದೆನಿಸಬಹುದು. ಹುಬ್ಬು ತೀಡಿ ಸಿಂಗರಿಸಿಕೊಂಡ ಹಳ್ಳಿ ಹುಡುಗಿಯ ವೇಷವೂ ಹಾಗೆಯೇ. ಆದರೂ ಜನಪ್ರಿಯ ಸಿನಿಮಾ ಆ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಸಣ್ಣ ಮಾತಲ್ಲ.

ಅದೇ ವರ್ಷದ ಇನ್ನೊಂದು ಪ್ರಸಂಗವನ್ನು ಸಾದತ್ ಹಸನ್ ಮಂಟೊ, ಅಶೋಕ್ ಕುಮಾರ್ ಕುರಿತ ತಮ್ಮ ವ್ಯಕ್ತಿಚಿತ್ರದಲ್ಲಿ ಬರೆದಿದ್ದಾರೆ. ದೇವಿಕಾ ರಾಣಿ ಸಹನಟ ನಜ್ಮುಲ್ ಹಸನ್ ಜತೆ ಹೊರಟುಹೋದದ್ದು, ಮರಳಿ ಬಂದದ್ದು, ನಜ್ಮುಲ್ ಜಾಗಕ್ಕೆ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಅಶೋಕ್ ಕುಮಾರ್ ನಾಯಕನಾದದ್ದು. ಚರಿತ್ರೆಕಾರರು ಇದನ್ನು ಸಾಮಾನ್ಯವಾಗಿ ಅಶೋಕ್ ಕುಮಾರ್ ಅವರ ಅದೃಷ್ಟದ ಕತೆಯಾಗಿ ಹೇಳುತ್ತಾರೆ. ನಾಯಕನ ಜಾಗಕ್ಕೆ ಬೇರೊಬ್ಬ ಸಿಕ್ಕ, ನಾಯಕಿಯ ಜಾಗಕ್ಕೆ ಸಿಗಲಿಲ್ಲ ಎಂಬುದನ್ನೂ ಈ ಪ್ರಸಂಗದಲ್ಲಿ ಓದಿಕೊಳ್ಳಬಹುದು. ಆ ಕಂಪನಿ ಅವರನ್ನು ಎಷ್ಟು ನೆಚ್ಚಿಕೊಂಡಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಿಜವಾದ ಪರೀಕ್ಷೆ ಎದುರಾದದ್ದು ಇದಾದ ಮೇಲೆ. 1939ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಸ್ಟುಡಿಯೊದ ಜರ್ಮನ್ ತಂತ್ರಜ್ಞರನ್ನು ಬಂಧಿಸಿತು. 1940ರ ಮೇ ತಿಂಗಳಲ್ಲಿ ಹಿಮಾಂಶು ರಾಯ್ ತೀರಿಕೊಂಡರು. ಮೂವತ್ತೆರಡರ ವಿಧವೆ ಸ್ಟುಡಿಯೊದ ಆಡಳಿತಕ್ಕೆ ಕುಳಿತರು. ಒಳಗೆ ಎರಡು ಬಣಗಳಾದವು: ಶಶಧರ ಮುಖರ್ಜಿ ಅವರದೊಂದು, ಅಮಿಯ ಚಕ್ರವರ್ತಿ ಮತ್ತು ದೇವಿಕಾ ರಾಣಿಯವರದೊಂದು. ಈ ಕಡೆಯಿಂದ ‘ಬಸಂತ್’ (1942), ಆ ಕಡೆಯಿಂದ ‘ಕಿಸ್ಮತ್’ (1943) ಬಂದು ಎರಡೂ ಭರ್ಜರಿಯಾಗಿ ಗೆದ್ದವು. ಕಡೆಗೆ ಮುಖರ್ಜಿ, ಅಶೋಕ್ ಕುಮಾರ್ ಮುಂತಾದವರು ಹೊರಬಂದು ಫಿಲ್ಮಿಸ್ತಾನ್ ಕಟ್ಟಿದರು. ಹೊಸ ನಾಯಕ ಬೇಕಾಗಿದ್ದ ಆ ದಿನಗಳಲ್ಲಿ ಪೇಶಾವರದ ಹಣ್ಣಿನ ವ್ಯಾಪಾರಿಯ ಮಗ ಯೂಸುಫ್ ಖಾನ್‌ಗೆ ದೇವಿಕಾ ರಾಣಿ ತಿಂಗಳಿಗೆ 1250 ರೂಪಾಯಿ ಸಂಬಳದ ಕೆಲಸ ಕೊಟ್ಟರು. ಅದು ವರ್ಷದ ಸಂಬಳವೇ ಇರಬೇಕೆಂದು ಆ ತರುಣ ಮೊದಲು ಭಾವಿಸಿದ್ದರಂತೆ. ‘ಜ್ವಾರ್ ಭಾಟಾ’ (1944) ಮೂಲಕ ಅವರು ದಿಲೀಪ್ ಕುಮಾರ್ ಆದರು.

1945ರಲ್ಲಿ ದೇವಿಕಾ ರಾಣಿ ತಮ್ಮ ಷೇರುಗಳನ್ನು ಮಾರಿ, ರಷ್ಯನ್ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರನ್ನು ಮದುವೆಯಾಗಿ ಸಿನಿಮಾದಿಂದ ದೂರವಾದರು. ‘ಪ್ರೇಮಕ್ಕಾಗಿ ತಾರಾಪಟ್ಟ ಬಿಟ್ಟ ನಟಿ’ ಎಂದು ಇದನ್ನು ಬಣ್ಣಿಸುವುದು ರೂಢಿ. ಐದು ವರ್ಷ ಬಣಗಳ ನಡುವೆ ಕಂಪನಿ ನಡೆಸಿದ ಆಡಳಿತಗಾರ್ತಿ ಆ ಬಣ್ಣನೆಯಲ್ಲಿ ಮರೆಯಾಗುತ್ತಾರೆ.

ಕುಲ್ಲು ಕಣಿವೆಯಿಂದ ದಂಪತಿ ಬಂದು ನೆಲೆಸಿದ್ದು ನಮ್ಮ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ. ಸುಮಾರು 470 ಎಕರೆಯ ಆ ತೋಟದಲ್ಲಿ ಸುಗಂಧ ತೈಲ ಕೊಡುವ ಲಿನಲೋಯಿ ಮರಗಳನ್ನು ಬೆಳೆಸಿದರು. 1958ರಲ್ಲಿ ಪದ್ಮಶ್ರೀ ಬಂತು. 1969ನೇ ಸಾಲಿಗೆ ಸ್ಥಾಪನೆಯಾದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೊದಲು ಸಂದದ್ದು ಇವರಿಗೇ. 1993ರ ಜನವರಿಯಲ್ಲಿ ರೋರಿಕ್, 1994ರ ಮಾರ್ಚ್‌ನಲ್ಲಿ ದೇವಿಕಾ ರಾಣಿ ಬೆಂಗಳೂರಿನಲ್ಲೇ ನಿಧನರಾದರು.

ದಂಪತಿಗೆ ಮಕ್ಕಳಿರಲಿಲ್ಲ. ತೋಟವನ್ನು ವಶಪಡಿಸಿಕೊಳ್ಳಲು ಕರ್ನಾಟಕ ಸರ್ಕಾರ 1996ರಲ್ಲಿ ಅವರ ಹೆಸರಿನಲ್ಲೇ ಕಾನೂನು ಮಾಡಿತು. ಜಮೀನಿನ ಮೇಲೆ ಹಕ್ಕು ಹೇಳಿದ ಖಾಸಗಿ ಕಂಪನಿ ಕೋರ್ಟಿಗೆ ಹೋಯಿತು. 2011ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ಕಾನೂನನ್ನು ಎತ್ತಿಹಿಡಿಯಿತು. ಆಸ್ತಿಯ ಹಕ್ಕಿನ 300ಎ ವಿಧಿಯನ್ನು ಓದುವ ಕಾನೂನು ವಿದ್ಯಾರ್ಥಿಗಳಿಗೆ ‘ಕೆ.ಟಿ. ಪ್ಲಾಂಟೇಷನ್’ ತೀರ್ಪು ಇಂದು ಪಾಠ. ಅದೇ ವರ್ಷ ಅಂಚೆ ಇಲಾಖೆ ದೇವಿಕಾ ರಾಣಿಯವರ ಸ್ಟಾಂಪ್ ತಂದಿತು.

ಹೀಗೆ ಅವರ ನೆಲಕ್ಕೆ ಕಾನೂನಿದೆ, ಮುಖಕ್ಕೆ ಅಂಚೆಚೀಟಿ ಇದೆ. ರೋರಿಕ್ ಅವರ ಚಿತ್ರಗಳಿಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಗ್ಯಾಲರಿ ಇದೆ. ಬಾಂಬೆ ಟಾಕೀಸಿನ ಛಾಯಾಚಿತ್ರ, ಕಾಗದಪತ್ರಗಳ ದೊಡ್ಡ ಸಂಗ್ರಹವೊಂದು ಉಳಿದಿರುವುದು ಮಾತ್ರ ದೂರದ ಆಸ್ಟ್ರೇಲಿಯಾದಲ್ಲಿ, ಹಿಮಾಂಶು ರಾಯ್ ಅವರ ಜರ್ಮನ್ ಪತ್ನಿಯ ವಂಶಸ್ಥರ ಬಳಿ. ಕಡತ, ಕರಾರು, ಸಂಬಳದ ಪಟ್ಟಿ ಇವೆಲ್ಲ ಮುತ್ತಿನ ಕತೆಯಷ್ಟು ರೋಚಕವಲ್ಲ, ನಿಜ. ಆದರೆ ಸಿನಿಮಾ ಚರಿತ್ರೆಯನ್ನು ನಟಿಯರ ಮುಖಗಳಿಂದಲೇ ಬರೆಯುತ್ತ ಹೋದರೆ, ಆ ಉದ್ಯಮವನ್ನು ಕಟ್ಟಿ ನಡೆಸಿದ ಹೆಂಗಸರು ನಮಗೆ ಕಾಣುವುದೇ ಇಲ್ಲ. ದೇವಿಕಾ ರಾಣಿಯವರನ್ನು ಇನ್ನಾದರೂ ಆ ಕಡತಗಳ ನಡುವೆ ಹುಡುಕಬೇಕು.