ಶಿಕಾಗೋ ಸುತ್ತಮುತ್ತ, ಭಾಗ 4: ಸರೋವರದ ದಂಡೆಯ ಮನೆಗಳು ಮತ್ತು ಅವುಗಳ ಪತ್ರಗಳು

ಹೋದ ಭಾನುವಾರ ಹಾಕಿದ ಫೋಟೋ ನೋಡಿ ಚಿಕ್ಕಮ್ಮ ಕೇಳಿದ್ದರು, "ಅದು ಯಾರ ಅರಮನೆ ಕಣೇ?" ಅಂತ. ಅರಮನೆ ಅಲ್ಲ ಚಿಕ್ಕಮ್ಮ, ಯಾರೋ ವಾಸ ಇರುವ ಮನೆ. ಊರಿನ ಹೆಸರು ಕೆನಿಲ್‌ವರ್ತ್. ಶಿಕಾಗೋದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್, ಮಿಷಿಗನ್ ಸರೋವರದ ದಂಡೆಯ ಮೇಲಿದೆ. ಆಚೆ ದಡ ಕಾಣದಷ್ಟು ದೊಡ್ಡ ನೀರು. 'ಹೋಮ್ ಅಲೋನ್' ಸಿನಿಮಾದ ಮನೆ ಕೇಳುವವರಿಗೆ: ಅದು ಪಕ್ಕದ ವಿನೆಟ್ಕಾದಲ್ಲಿದೆ.

ರಜೆ ಸಿಕ್ಕಾಗ ಟ್ರೈನ್ ಹತ್ತಿ ಇಲ್ಲಿಗೆ ಬಂದು ನಡೆಯುವುದು ನನಗೆ ಅಭ್ಯಾಸ. ಸುಮ್ಮನೆ ಮನೆ ನೋಡುತ್ತಿದ್ದವಳು ಆಮೇಲೆ ಲೈಬ್ರರಿಯಿಂದ ಪುಸ್ತಕ ತಂದು ಓದತೊಡಗಿದೆ.

1889ರಲ್ಲಿ ಜೋಸೆಫ್ ಸಿಯರ್ಸ್ ಎಂಬ ಶಿಕಾಗೋದ ಉದ್ಯಮಿ ಇಲ್ಲಿ ಸುಮಾರು 223 ಎಕರೆ ಜಮೀನು ಕೊಂಡ. ಒಂದು ಮಾದರಿ ಊರು ಕಟ್ಟಬೇಕು ಅನ್ನುವುದು ಅವನ ಆಸೆ. ಸೈಟುಗಳು ದೊಡ್ಡದಿರಬೇಕು, ಮನೆ ಗಟ್ಟಿಮುಟ್ಟಾಗಿರಬೇಕು, ಹಿಂದೆ ಸಂದಿಗೊಂದಿ ಇರಬಾರದು. ಮನೆಗಳಿಗೆ ಚೆನ್ನಾಗಿ ಬಿಸಿಲು ಬೀಳಲಿ ಅಂತ ರಸ್ತೆಗಳ ದಿಕ್ಕನ್ನೂ ಯೋಚಿಸಿ ಹಾಕಿಸಿದ. ಇಲ್ಲಿನ ಚಳಿಗಾಲ ಕಂಡ ಮೇಲೆ ಆ ಬುದ್ಧಿವಂತಿಕೆಗೆ ಕೈ ಮುಗಿಯಬೇಕು ಅನಿಸಿತು. ರೈಲ್ವೆ ಸ್ಟೇಷನ್ನಿಗೆ ಫ್ರಾಂಕ್ಲಿನ್ ಬರ್ನಹ್ಯಾಮ್ ಎಂಬ ಆರ್ಕಿಟೆಕ್ಟ್ ನಕ್ಷೆ ಮಾಡಿದ.

ಆದರೆ ಊರಿಗೆ ಮುಖಲಕ್ಷಣ ಕೊಟ್ಟವನು ಜಾರ್ಜ್ ಮಾಹರ್. 1864ರಲ್ಲಿ ಹುಟ್ಟಿದ ಇವನು ಫ್ರಾಂಕ್ ಲಾಯ್ಡ್ ರೈಟ್ ಜೊತೆ ಒಂದೇ ಆಫೀಸಿನಲ್ಲಿ ಕೆಲಸ ಕಲಿತವನು. ರೈಟ್ ಜಗತ್ಪ್ರಸಿದ್ಧನಾದ, ಮಾಹರ್ ಹೆಸರು ಹಿಂದೆ ಉಳಿಯಿತು. 1893ರಲ್ಲಿ ಕೆನಿಲ್‌ವರ್ತ್‌ನಲ್ಲೇ ತನಗೊಂದು ಮನೆ ಕಟ್ಟಿಕೊಂಡು, ಮುಂದೆ ಇದೇ ಊರಲ್ಲಿ ಮೂವತ್ತಕ್ಕೂ ಹೆಚ್ಚು ಮನೆಗಳಿಗೆ ನಕ್ಷೆ ಮಾಡಿದ. ಅವನ ಪದ್ಧತಿ ನನಗೆ ತುಂಬಾ ಇಷ್ಟ. ಪ್ರತಿ ಮನೆಗೂ ಒಂದು ಗಿಡವನ್ನೋ ಹೂವನ್ನೋ, ಒಂದು ಆಕಾರವನ್ನೋ ಆರಿಸುತ್ತಿದ್ದ. ಅದೇ ಹೂವು ಬಾಗಿಲ ಕಲ್ಲಲ್ಲಿ, ಕಿಟಕಿಯ ಬಣ್ಣದ ಗಾಜಲ್ಲಿ, ಪರದೆಯ ಬಟ್ಟೆಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು, ಹಾಡಿನ ಪಲ್ಲವಿ ತಿರುಗಿ ಬರುವ ಹಾಗೆ. ಹತ್ತಿರದ ಎವಾನ್‌ಸ್ಟನ್‌ನಲ್ಲಿ ಪ್ಯಾಟನ್ ಎಂಬ ಶ್ರೀಮಂತನಿಗೆ ಕಟ್ಟಿದ ಮನೆಗೆ ಆರಿಸಿದ್ದು ಥಿಸಲ್ ಎಂಬ ಮುಳ್ಳುಗಿಡದ ಹೂವು. ಆ ಮನೆಯನ್ನು 1938ರಲ್ಲಿ ಕೆಡವಿದರು. ಅಷ್ಟು ಹೊತ್ತಿಗೆ ಮಾಹರ್ ಕೂಡ ಇರಲಿಲ್ಲ. ಕೊನೆಯ ವರ್ಷಗಳಲ್ಲಿ ಖಿನ್ನತೆಯಿಂದ ನರಳಿ 1926ರಲ್ಲಿ ತೀರಿಕೊಂಡಿದ್ದ.

ಇಲ್ಲಿಯವರೆಗೆ ಖುಷಿಯಿಂದ ಓದುತ್ತಿದ್ದೆ. ಆಮೇಲೆ ಸಿಯರ್ಸ್ ಹಾಕಿದ ನಿಯಮಗಳ ಪಟ್ಟಿಯಲ್ಲಿ ಇನ್ನೊಂದು ಸಿಕ್ಕಿತು: ಸೈಟು 'ಕಕೇಸಿಯನ್' ಜನರಿಗೆ ಮಾತ್ರ. ಅಂದರೆ ಬಿಳಿಯರಿಗೆ ಮಾತ್ರ. ಬಿಸಿಲು ಎಲ್ಲಿಂದ ಬೀಳಬೇಕು ಅಂತ ಅಷ್ಟು ಯೋಚಿಸಿದ ಮನುಷ್ಯ, ಆ ಬಿಸಿಲು ಯಾರ ಮೇಲೆ ಬೀಳಬೇಕು ಅಂತಲೂ ಬರೆದಿಟ್ಟಿದ್ದ.

ಇದು ಒಂದು ಊರಿನ ಕಥೆ ಅಲ್ಲ. 1920ರ ದಶಕದಲ್ಲಿ ಶಿಕಾಗೋದ ರಿಯಲ್ ಎಸ್ಟೇಟ್ ಮಂಡಳಿ ಇಂಥ ಕರಾರಿಗೆ ಒಂದು ಮಾದರಿ ಪತ್ರವನ್ನೇ ತಯಾರಿಸಿತು. ಅದರ ಪ್ರಕಾರ ಕರಿಯರು ಆ ಮನೆಗಳಲ್ಲಿ ವಾಸಿಸುವಂತಿಲ್ಲ. ಆದರೆ ಮನೆಗೆಲಸದವರು, ಡ್ರೈವರು, ಕಾವಲಿನವರಾದರೆ ನೆಲಮಾಳಿಗೆಯಲ್ಲೋ ಹಿಂದಿನ ಗ್ಯಾರೇಜಿನಲ್ಲೋ ಇರಬಹುದು. ದುಡಿಯುವ ಕೈ ಬೇಕು, ನೆರೆಮನೆಯವರಾಗಿ ಮಾತ್ರ ಬೇಡ.

ನಾವು ಭಾರತೀಯರಾಗಿದ್ದರೆ? 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ, ಅಮೆರಿಕದ ಸೈನ್ಯದಲ್ಲಿ ಇದ್ದು ಬಂದವರು, ಪೌರತ್ವಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಪಂಡಿತರ ಪ್ರಕಾರ ತಾನೂ ಕಕೇಸಿಯನ್ ಅಂತ ಅವರ ವಾದ. ಜೊತೆಗೆ ಮೇಲ್ಜಾತಿಯವನು ಅನ್ನುವುದನ್ನೂ ಮುಂದಿಟ್ಟಿದ್ದರು. ಸಾಮಾನ್ಯ ಜನ ಯಾರನ್ನು ಬಿಳಿಯರು ಅನ್ನುತ್ತಾರೋ ಅವರೇ ಬಿಳಿಯರು, ನೀವಲ್ಲ ಅಂತ ಕೋರ್ಟು ಹೇಳಿತು. ನಮ್ಮ ಜಾತಿ ಇಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ.

ಇಂಥ ಕರಾರುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ ತೀರ್ಪು ಬಂದದ್ದು 1948ರಲ್ಲಿ. ಆದರೂ ಬಾಯಿಮಾತಿನಲ್ಲೇ ಅದು ನಡೆಯುತ್ತಿತ್ತು. 1965ರ ಬೇಸಿಗೆಯಲ್ಲಿ ಕೆಲವು ಕಾಲೇಜು ವಿದ್ಯಾರ್ಥಿಗಳು ಈ ಊರುಗಳಲ್ಲಿ ಮನೆಮನೆಗೆ ಹೋಗಿ, ಕರಿಯರಿಗೆ ಮನೆ ಮಾರುತ್ತೀರಾ ಅಂತ ಕೇಳಿದರು. ಜುಲೈ 25ರಂದು ಮಾರ್ಟಿನ್ ಲೂಥರ್ ಕಿಂಗ್ ವಿನೆಟ್ಕಾದ ಹುಲ್ಲುಮೈದಾನದಲ್ಲಿ ಸಾವಿರಾರು ಜನರೆದುರು ಮಾತಾಡಿದರು. ಅಲ್ಲೀಗ ಒಂದು ಫಲಕ ಇದೆ. 1968ರಲ್ಲಿ ಕಿಂಗ್ ಕೊಲೆಯಾದ ಒಂದು ವಾರಕ್ಕೆ, ಮನೆ ಮಾರುವಾಗ ಬಾಡಿಗೆಗೆ ಕೊಡುವಾಗ ಬಣ್ಣ, ಧರ್ಮ ನೋಡಬಾರದು ಎಂಬ ಕಾನೂನು ಬಂತು.

ಅದೇ 1965ರ ಅಕ್ಟೋಬರ್ 3ರಂದು ಹೊಸ ವಲಸೆ ಕಾನೂನಿಗೆ ಸಹಿ ಬಿತ್ತು. ಅದಕ್ಕೆ ಮುಂಚೆ ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ ನೂರು ಜನ. ನನ್ನಂಥ ಸಾವಿರಾರು ನರ್ಸ್‌ಗಳು ಬಂದಿದ್ದು ಆಗ ತೆರೆದ ಬಾಗಿಲಿಂದ. ನಾನು ಚೆನ್ನಾಗಿ ಓದಿದ್ದಕ್ಕೆ, ಪರೀಕ್ಷೆ ಪಾಸಾಗಿದ್ದಕ್ಕೆ ಇಲ್ಲಿಗೆ ಬಂದೆ ಅಂದುಕೊಂಡಿದ್ದೆ. ಅದು ನಿಜ. ಆದರೆ ಆ ಬಾಗಿಲು ತಳ್ಳಿದ ಕರಿಯರ ಹೋರಾಟಕ್ಕೂ ನನ್ನ ಋಣ ಇದೆ.

ಈಗ ಮನೆಯವರಿಗೆ ಒಂದು ಮಾತು. ನಮ್ಮೂರಲ್ಲೂ ಊರು ಬೇರೆ, ಕೇರಿ ಬೇರೆ. ಅಜ್ಜಿಯ ಮನೆಗೆ ಕೆಲಸಕ್ಕೆ ಬರುತ್ತಿದ್ದವರು ಹಿತ್ತಿಲ ಬಾಗಿಲಿಗೇ ಬಂದು, ಎತ್ತರದಿಂದ ಹುಯ್ದ ನೀರನ್ನು ಬೊಗಸೆಯಲ್ಲಿ ಕುಡಿದು ಹೋಗುತ್ತಿದ್ದರು. ನಾನೂ ಹುಯ್ದಿದ್ದೇನೆ. ಅದನ್ನು ಯಾರೂ ಪತ್ರದಲ್ಲಿ ಬರೆದಿರಲಿಲ್ಲ, ಬರೆಯುವ ಅಗತ್ಯವೇ ಇರಲಿಲ್ಲ.

ಹೋದ ತಿಂಗಳು ಮನೆ ಗ್ರೂಪಿನಲ್ಲಿ, ಅಣ್ಣ ಹೊಸದಾಗಿ ಕಟ್ಟಿಸಿದ ಮನೆಯ ಮಹಡಿಯನ್ನು "ನಮ್ಮೋರಿಗೇ ಕೊಡೋಣ" ಅಂತ ಮಾತು ಬಂತು. ಒಬ್ಬ ಮೇಷ್ಟ್ರು ಕೇಳಿಕೊಂಡು ಬಂದಿದ್ದರಂತೆ, ಜಾತಿ ಗೊತ್ತಾದ ಮೇಲೆ ಬೇಡ ಅಂದರಂತೆ. ನೈಟ್ ಡ್ಯೂಟಿ ಮುಗಿಸಿ ಬಂದವಳು ನಾನೂ ಒಂದು ಹೆಬ್ಬೆರಳು ಒತ್ತಿ ಮಲಗಿದ್ದೆ. ಅದನ್ನು ಇವತ್ತು ವಾಪಸ್ ತಗೊಳ್ತಿದ್ದೇನೆ. ಅಣ್ಣ, ಮಹಡಿ ಇನ್ನೂ ಖಾಲಿ ಇದ್ದರೆ ಆ ಮೇಷ್ಟ್ರಿಗೆ ಒಂದು ಫೋನ್ ಮಾಡು.

ಮುಂದಿನ ಭಾಗದಲ್ಲಿ ವಿಲ್ಮೆಟ್‌ನ ಬಹಾಯಿ ಮಂದಿರ. ಫೋಟೋ ಜಾಸ್ತಿ ಹಾಕ್ತೀನಿ ಚಿಕ್ಕಮ್ಮ.